‘ಓನ್ಲಿ’ ಯಾರ ಪಕ್ಕ ಕೂರಬೇಕು?

ನಮ್ಮ ಮಕ್ಕಳು ‘ಐ ಆ್ಯಮ್ ಹಿಯರ್ ಓನ್ಲಿ’ ಅಂದರೆ ಮೇಷ್ಟ್ರುಗಳು ನಗುತ್ತಾರೆ, ಬರೆದರೆ ಕೆಂಪು ಶಾಯಿ ಎಳೆಯುತ್ತಾರೆ. ನಗುವುದಕ್ಕೆ ಮುಂಚೆ ಮಗು ಏನು ಹೇಳಹೊರಟಿದೆ ಅಂತ ನೋಡಬೇಕಲ್ಲವೆ? ಅದರ ಮನಸ್ಸಿನಲ್ಲಿರುವುದು ‘ಇಲ್ಲೇ ಇದ್ದೀನಿ’. ಆ ಏಕಾರಕ್ಕೆ ನಮ್ಮ ವ್ಯಾಕರಣದಲ್ಲಿ ಅವಧಾರಣೆ ಅಂತ ಹೆಸರು. ಏಕಾರ ಒತ್ತಿ ಹೇಳುತ್ತೆ, ‘ಮಾತ್ರ’ ಬೇಲಿ ಹಾಕುತ್ತೆ. ಒತ್ತಿ ಹೇಳೋದಕ್ಕೆ ಇಂಗ್ಲಿಷಿನಲ್ಲಿ ಏಕಾರ ಸಿಗದೆ ಮಗು ಬೇಲಿಯ ಗೂಟ ಕಿತ್ತು ತಂದಿದೆ, ಅಷ್ಟೆ. ಕೇಳಿದವರಿಗೆ ಅರ್ಥವಾಗುತ್ತೆ, ಯಾರ ಗಂಟೂ ಹೋಗೋದಿಲ್ಲ. ಕೈ ಕಚ್ಚುವ ತಪ್ಪು ಬೇರೆ ಇದೆ. ಅದರ ಮೇಲೆ ಕೆಂಪು ಶಾಯಿ ಬಿದ್ದದ್ದನ್ನು ನಾನು ಕಂಡಿಲ್ಲ.

ಅವಲಾಂಚಿನ ಟ್ರೌಟ್ ಮರಿ ಕೇಂದ್ರ 1907ರಷ್ಟು ಹಳೆಯದು. ಉದಾಹರಣೆಗೆ ಅದನ್ನೇ ತಗೊಳ್ಳೋಣ. ‘ಅವಲಾಂಚಿನಲ್ಲಿ ಟ್ರೌಟ್ ಮಾತ್ರ ಸಾಕುತ್ತಾರೆ’ ಅಂದರೆ ಅಲ್ಲಿ ಬೇರೆ ಮೀನು ಸಾಕೋದಿಲ್ಲ ಅಂತ. ‘ಅವಲಾಂಚಿನಲ್ಲಿ ಮಾತ್ರ ಟ್ರೌಟ್ ಸಾಕುತ್ತಾರೆ’ ಅಂದರೆ ಬೇರೆ ಊರಲ್ಲಿ ಸಾಕೋದಿಲ್ಲ ಅಂತ. ಎರಡೂ ಮಾತು ನಿಜವೋ ಸುಳ್ಳೋ ಆಮೇಲೆ. ಅರ್ಥ ಮಾತ್ರ ಬೇರೆ ಬೇರೆ. ಕನ್ನಡದ ‘ಮಾತ್ರ’ ತನಗೆ ಬೇಕಾದ ಪದದ ಬೆನ್ನಿಗೆ ಅಂಟಿಕೊಳ್ಳುತ್ತೆ. ತಮಿಳಿನ ಮಟ್ಟುಂ, ಮಲಯಾಳದ ಮಾತ್ರಂ ಕೂಡ ಹಾಗೇ. ನೀಲಗಿರಿಯ ಮಗು ಮನೆಯಲ್ಲಿ, ಸಂತೆಯಲ್ಲಿ, ಬಸ್ಸಿನಲ್ಲಿ ಕೇಳೋದೆಲ್ಲ ಈ ಬೆನ್ನ ಹಿಂದಿನ ಬೇಲಿಯೇ.

ಇಂಗ್ಲಿಷಿನಲ್ಲಿ, ಬರಹದಲ್ಲಂತೂ, ‘ಓನ್ಲಿ’ ಸಾಮಾನ್ಯವಾಗಿ ಮುಂದಕ್ಕೆ ನೋಡುತ್ತೆ. ಟೀ ತೋಟಕ್ಕೆ ಹೋಗುವ ತಾಯಿಯ ಪರವಾಗಿ ಮಗಳೊಬ್ಬಳು ಅರ್ಜಿ ಬರೆಯುತ್ತಾಳೆ ಅಂತ ಇಟ್ಟುಕೊಳ್ಳಿ: ‘ಪ್ಲೀಸ್ ಗಿವ್ ದ ವೇಜಸ್ ಟು ಮೈ ಮದರ್ ಓನ್ಲಿ ಆನ್ ಸ್ಯಾಟರ್ಡೇ.’ ಅವಳ ಲೆಕ್ಕದಲ್ಲಿ ಅದು ‘ಶನಿವಾರ ಕೂಲಿಯನ್ನು ನಮ್ಮಮ್ಮನ ಕೈಗೆ ಮಾತ್ರ ಕೊಡಿ’. ಕುಡಿಯುವ ಅಪ್ಪನ ಕೈಗೆ ಬೇಡ. ಕಚೇರಿಯಲ್ಲಿ ಓದುವವರಿಗೆ ಅದು ‘ಅಮ್ಮನಿಗೆ ಶನಿವಾರ ಮಾತ್ರ ಕೊಡಿ’. ಅಮ್ಮ ಶುಕ್ರವಾರ ಹೋದರೆ ವಾಪಸು ಕಳಿಸುತ್ತಾರೆ. ಅಪ್ಪನನ್ನು ತಡೆಯುವ ಮಾತು ಆ ಕಾಗದದಲ್ಲಿ ಇಲ್ಲವೇ ಇಲ್ಲ. ಸ್ಪೆಲ್ಲಿಂಗ್ ಸರಿ, ವ್ಯಾಕರಣ ಸರಿ, ಪರೀಕ್ಷೆಯಲ್ಲಾದರೆ ಪೂರ್ತಿ ಮಾರ್ಕು!

ಇದಕ್ಕೆ ನಾವು ಪಾಠ ಮಾಡುವ ರೀತಿಯೂ ಕಾರಣ. ನಮ್ಮ ಕಡೆಯ ವ್ಯಾಕರಣ ಪಾಠಕ್ಕೆಲ್ಲ ಬುನಾದಿಯಾದ ರೆನ್ ಮತ್ತು ಮಾರ್ಟಿನ್ ಪುಸ್ತಕ ‘ಓನ್ಲಿ’ಯನ್ನು ಸಂಬಂಧಪಟ್ಟ ಪದದ ಮುಂದೆಯೇ ಇಡಬೇಕು ಅನ್ನುತ್ತೆ. ಕೂಡಲೇ, ಮಾತಾಡುವಾಗ ಅದು ಕ್ರಿಯಾಪದದ ಮುಂದೆ ಬರುತ್ತೆ, ಅರ್ಥವನ್ನು ದನಿಯ ಒತ್ತು ತಿಳಿಸುತ್ತೆ ಅಂತಲೂ ಸೇರಿಸುತ್ತೆ. ಈ ಎರಡನೆಯ ಮಾತು ತರಗತಿಗೆ ಬರೋದು ಕಡಿಮೆ. ಇಂಗ್ಲೆಂಡಿನ ಫೌಲರ್ 1926ರ ತನ್ನ ಬಳಕೆಯ ನಿಘಂಟಿನಲ್ಲಿ, ಅರ್ಥ ಕೆಡದಿದ್ದ ಕಡೆಯೂ ‘ಓನ್ಲಿ’ಯನ್ನು ಎತ್ತಿ ಎತ್ತಿ ಸ್ಥಳ ಬದಲಿಸುವ ಪಂಡಿತರನ್ನು ತರಾಟೆಗೆ ತಗೊಂಡಿದ್ದಾನೆ. ಸರಿಯೇ. ಆದರೆ ಆತನ ಓದುಗರಿಗೆ ಆ ಒತ್ತು ಹುಟ್ಟಿನಿಂದ ಗೊತ್ತು. ನಮ್ಮ ಹುಡುಗಿಯ ಅರ್ಜಿಗೆ ದನಿ ಎಲ್ಲಿಂದ ಬರಬೇಕು? ಅವಳಿಗೆ ಮೊದಲನೆಯ ನಿಯಮವೇ ಬೇಕು, ಅದೂ ಬಾಯಿಪಾಠವಾಗಿ ಅಲ್ಲ.

ಅದಕ್ಕೆ ನನ್ನದೊಂದು ಸಲಹೆ. ‘ಓನ್ಲಿ’ ಅಂದರೆ ‘ಮಾತ್ರ’ ಅಂತ ಹೇಳಿಕೊಡೋದು ಬಿಡಿ, ‘ಬರೀ’ ಅನ್ನಿ. ಬರೀ ಮಜ್ಜಿಗೆ, ಬರೀ ಎರಡು ದಿನ, ಬರೀ ಅಮ್ಮನಿಗೆ: ನೋಡಿ, ನಮ್ಮ ‘ಬರೀ’ಯೂ ಮುಂದೆಯೇ ಬರುತ್ತೆ. ಬರಹದಲ್ಲಿ ‘ಕೇವಲ’ವೂ ಹಾಗೇ. ‘ಬರೀ ನಮ್ಮಮ್ಮನ ಕೈಗೆ’ ಅಂತ ಯೋಚಿಸಿದ ಹುಡುಗಿ ‘ಓನ್ಲಿ ಟು ಮೈ ಮದರ್’ ಅಂತಲೇ ಬರೆಯುತ್ತಾಳೆ. (ಪತ್ರಿಕೆಯವರು ‘ಕೇವಲ ಮೂವರು ಮಾತ್ರ’ ಅಂತ ಹಿಂದೆ ಮುಂದೆ ಎರಡೂ ಕಡೆ ಬೇಲಿ ಹಾಕುತ್ತಾರಲ್ಲ, ಅದನ್ನು ಯಾಕೆ ಕಲಿತರೋ.)

ಒಂದು ಕಡೆ ‘ಮಾತ್ರ’ವೇ ಸರಿಯಾದ ಪಾಠ: ಬ್ಯಾಂಕಿನ ಚೆಕ್ಕು. ‘ಐದು ಸಾವಿರ ಮಾತ್ರ’ ಅಂತ ಬರೆದಂತೆ ಅಲ್ಲಿ ‘ಓನ್ಲಿ’ಯೂ ಕೊನೆಗೇ ಬರುತ್ತೆ, ಮುಂದಿನ ಖಾಲಿ ಜಾಗದಲ್ಲಿ ಯಾರೂ ಇನ್ನೂರೋ ಮುನ್ನೂರೋ ಸೇರಿಸದ ಹಾಗೆ.