ಇಲ್ಲದ ಊರಿಗೊಂದು ಹಾಡು

ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಅಮೆರಿಕದ ವ್ಯಂಗ್ಯಚಿತ್ರ ಧಾರಾವಾಹಿಯ ವಿಮರ್ಶೆಯೇ ಎಂದು ಓದುಗರು ಹುಬ್ಬೇರಿಸಬಹುದು. ಮೊಮ್ಮಗಳ ಒತ್ತಾಯಕ್ಕೆ ಮಣಿದು 'ದಿ ಸಿಂಪ್ಸನ್ಸ್' ನೋಡಲು ಕುಳಿತಾಗ ನಮಗೂ ತಾತ್ಸಾರವೇ ಇತ್ತು. 1990ರ ನವೆಂಬರಿನಲ್ಲಿ ಪ್ರಸಾರವಾದ 'ಡ್ಯಾನ್ಸಿನ್ ಹೋಮರ್' ಎಂಬ ಕಂತು ಅದನ್ನು ಅಳಿಸಿತು.

ಸ್ಪ್ರಿಂಗ್‌ಫೀಲ್ಡ್ ಎಂಬ ಸಣ್ಣ ಊರಿನ ಹೋಮರ್, ಬೇಸ್‌ಬಾಲ್ ಮೈದಾನದಲ್ಲಿ ಕುಣಿದು ಜನರನ್ನು ಹುರಿದುಂಬಿಸಿ ಹೆಸರು ಗಳಿಸುತ್ತಾನೆ. ಕ್ಯಾಪಿಟಲ್ ಸಿಟಿ ಎಂಬ ಮಹಾನಗರದಿಂದ ಕರೆ ಬರುತ್ತದೆ. ಸಂಸಾರವು ಗಂಟುಮೂಟೆ ಕಟ್ಟುತ್ತದೆ. ಕಾರು ನಗರವನ್ನು ಹೊಕ್ಕೊಡನೆ ಅದರ ಗುಣಗಾನದ ಹಾಡು ಮೊದಲಾಗುತ್ತದೆ. ಹಾಡುವವರು ಟೋನಿ ಬೆನೆಟ್. ಅನುಕರಣೆಯ ಕಂಠವಲ್ಲ, ಸ್ವತಃ ಅವರೇ. ಬೀದಿಯಲ್ಲಿ ಚಿತ್ರರೂಪದಲ್ಲಿ ಕಾಣಿಸಿ, ಹೋಮರನ ಮಡದಿ ಗುರುತಿಸಿದಾಗ ಕುಶಲವನ್ನೂ ನುಡಿಯುತ್ತಾರೆ. ಈ ಧಾರಾವಾಹಿಯಲ್ಲಿ ತಮ್ಮದೇ ಹೆಸರಿನಲ್ಲಿ ಪಾತ್ರವಾದ ಮೊದಲ ಅತಿಥಿ ಅವರು.

1926ರಲ್ಲಿ ನ್ಯೂಯಾರ್ಕಿನಲ್ಲಿ ಜನಿಸಿದ ಬೆನೆಟ್ 'ಕ್ರೂನರ್' ಪರಂಪರೆಯವರು; ಎಂದರೆ ಮೈಕನ್ನು ನಂಬಿ, ಕಿವಿಯ ಬಳಿ ಮಾತನಾಡಿದಂತೆ ಹಾಡುವ ಗಾಯಕರ ಸಾಲಿನವರು. 1962ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರವನ್ನು ಕುರಿತ ಹಾಡು ಅವರನ್ನು ಮನೆಮಾತಾಗಿಸಿತು. ನಿಜವಾದ ನಗರವನ್ನು ಹಾಡಿ ಹೆಸರಾದವರ ಬಾಯಲ್ಲಿ ಭೂಪಟದಲ್ಲೇ ಇಲ್ಲದ ನಗರದ ಸ್ತುತಿ! ಹಾಸ್ಯದ ಮರ್ಮವಿರುವುದು ಇಲ್ಲಿಯೇ. ಅಣಕುಗಾಯಕನು ಹಾಡಿದ್ದರೆ ನಕ್ಕು ಮರೆಯುತ್ತಿದ್ದೆವು. ಬೆನೆಟ್ ಅಣಕಿಸುವುದಿಲ್ಲ, ಆ ನಗರ ಇದೆಯೆಂದೇ ನಂಬಿ ಹಾಡುತ್ತಾರೆ. ಆದುದರಿಂದಲೇ ಹೋಮರನ ಆಸೆ ನಮ್ಮದೂ ಆಗುತ್ತದೆ. ಮುಂದೆ ಮಹಾನಗರದ ಪ್ರೇಕ್ಷಕರು ಅವನ ಕುಣಿತವನ್ನು ಮೌನದಿಂದ ನೋಡಿದಾಗ ಎದೆ ಚುರುಕ್ಕೆನ್ನುತ್ತದೆ. ಓದಿಗೂ ಉದ್ಯೋಗಕ್ಕೂ ಮಕ್ಕಳನ್ನು ದೂರದ ನಗರಗಳಿಗೆ ಕಳುಹಿಸಿದ ಗಡಿನಾಡಿನ ಹಿರಿಯರಿಗೆ ಆ ಮೌನ ಅಪರಿಚಿತವಲ್ಲ. ಹಾಡು ಇನ್ನಷ್ಟು ದೀರ್ಘವಾಗಿರಬೇಕಿತ್ತು ಎಂಬುದೊಂದೇ ನಮ್ಮ ಆಕ್ಷೇಪ.

ಎಪ್ಪತ್ತರ ದಶಕದಲ್ಲಿ ಬೆನೆಟ್ ಹಿಂದೆ ಬಿದ್ದಿದ್ದರು. ಬಳಿಕ ಮಗ ಡ್ಯಾನಿ ವ್ಯವಹಾರ ವಹಿಸಿಕೊಂಡು ತಂದೆಯನ್ನು ಎಳೆಯರ ಮುಂದೆ ನಿಲ್ಲಿಸಿದರು. ಹಾಡುವ ರೀತಿಯನ್ನಾಗಲಿ ಉಡುಪನ್ನಾಗಲಿ ಬದಲಿಸಲಿಲ್ಲ. 1995ರಲ್ಲಿ ವರ್ಷದ ಆಲ್ಬಂಗಾಗಿ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಈ ಕಂತು ಅದಕ್ಕಿಂತ ಮೊದಲಿನದು. ಅಳಿದುಹೋದ ಕಾಲದವರೆಂದು ಹಲವರು ಬಗೆದಿದ್ದವರನ್ನು ಧಾರಾವಾಹಿಯು ಗೇಲಿಗೆ ಕರೆಯಲಿಲ್ಲ, ಹಾಡಲು ಕರೆಯಿತು. 2023ರ ಜುಲೈಯಲ್ಲಿ, 96ರ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಕೆಲಸ ಕಳೆದುಕೊಂಡ ಹೋಮರ್ ಊರಿಗೆ ಮರಳಿ, ಮದ್ಯದಂಗಡಿಯಲ್ಲಿ ಗೆಳೆಯರಿಗೆ ಸೋಲಿನ ಕಥೆ ಹೇಳುತ್ತಾನೆ. ಅವರು ಬಾಯಿ ಮುಚ್ಚದೆ ಕೇಳುತ್ತಾರೆ. ಕಂತು ಮುಗಿದಾಗ ಮೊಮ್ಮಗಳು, "ಅಜ್ಜಾ, ಕಾರಿನ ಹೊತ್ತಿನಲ್ಲಿ ಹಾಡಿದವರು ಯಾರು? ಅವರ ಬೇರೆ ಹಾಡುಗಳಿವೆಯೇ?" ಎಂದು ಕೇಳಿದಳು. ಆ ರಾತ್ರಿ ನಮ್ಮ ಮನೆಯಲ್ಲಿ ಊಟ ತಡವಾಯಿತು.