ಒಂದು ಜಮಖಾನಕ್ಕಾಗಿ ಇನ್ನೊಂದು

ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ ಅರ್ದಬೀಲ್ ಜಮಖಾನ ಬಹಳ ವರ್ಷ ಗೋಡೆಯ ಮೇಲೆ ತೂಗಾಡುತ್ತಿತ್ತು. 2006ರಲ್ಲಿ ಅಲ್ಲಿ ಇಸ್ಲಾಮಿ ಕಲೆಯ ಜಮೀಲ್ ಗ್ಯಾಲರಿ ತೆರೆದಾಗ ಅದನ್ನು ಇಳಿಸಿ, ನೆಲದ ಮಟ್ಟದಲ್ಲಿ ಹಾಸಿ, ಸುತ್ತ ದೊಡ್ಡ ಗಾಜಿನ ಮನೆ ಕಟ್ಟಿದರು. ಅರ್ಧ ಗಂಟೆಗೊಮ್ಮೆ ಹತ್ತೇ ನಿಮಿಷ ದೀಪ ಏರಿಸುವ ಏರ್ಪಾಡು ಮಾಡಿದರು. ಉಳಿದ ಹೊತ್ತು ಮಬ್ಬು. ದೂರದಿಂದ ಬಂದವರಿಗೆ ಇದು ಜಿಪುಣತನವೆನಿಸಬಹುದು. ನನಗೆ ಮಾತ್ರ ಆ ಗ್ಯಾಲರಿಯ ಅತ್ಯಂತ ಪ್ರಾಮಾಣಿಕ ನಿರ್ಧಾರ ಇದೇ ಎನಿಸುತ್ತದೆ.

ಬೆಳಕು ಬಣ್ಣವನ್ನು ತಿನ್ನುತ್ತದೆ. ಒಮ್ಮೆ ಮಾಸಿದ ಬಣ್ಣವನ್ನು ಯಾವ ಪ್ರಯೋಗಾಲಯವೂ ಮರಳಿ ತರಲಾರದು. ಈ ಜಮಖಾನದ ಮೇಲ್ಮೈಯ ಗಂಟುಗಳು ಉಣ್ಣೆಯವು, ಹಾಸುಹೊಕ್ಕು ರೇಷ್ಮೆಯದು. ಹಳೆಯ ರೇಷ್ಮೆ ಬೆಳಕಿಗೆ ಬೇಗ ಪೆಡಸಾಗುತ್ತದೆ, ತೂಗುಹಾಕಿದರೆ ತನ್ನದೇ ಭಾರಕ್ಕೆ ಜಗ್ಗುತ್ತದೆ. ಆದ್ದರಿಂದ ಇಂದಿನ ಜವಳಿ ಸಂರಕ್ಷಕರ ಕೆಲಸ ಬಹುಪಾಲು ಸಂಯಮದ ಕೆಲಸ. ಬಲೆಯ ಮೇಲಿನಿಂದ ಮೆಲ್ಲಗೆ ಧೂಳು ಹೀರುತ್ತಾರೆ, ಹುಳು ಬಿದ್ದ ಬಟ್ಟೆಯನ್ನು ಶೈತ್ಯದಲ್ಲಿಡುತ್ತಾರೆ, ಹರಿದಲ್ಲಿ ಕೆಳಗೊಂದು ಆಸರೆ ಬಟ್ಟೆಯಿಟ್ಟು ಮುಂದೆ ಬಿಚ್ಚಬಹುದಾದಂಥ ಹೊಲಿಗೆ ಹಾಕುತ್ತಾರೆ. ತೂತನ್ನು ತೂತಾಗಿಯೇ ಬಿಡುವುದೂ ಉಂಟು. ನಮ್ಮ ಊರುಗಳ ರಫೂಗಾರನ ಹೆಮ್ಮೆ ರಫೂ ಕಾಣದಂತೆ ಮಾಡುವುದರಲ್ಲಿ. ಇವರದು ಹೊಸದೇನೆಂಬುದನ್ನು ಮುಚ್ಚಿಡದಿರುವುದರಲ್ಲಿ.

ಆದರೆ ಈ ಸಂಯಮ ಬಂದದ್ದು ತಡವಾಗಿ. ಇರಾನಿನ ವಾಯವ್ಯ ಭಾಗದ ಅರ್ದಬೀಲಿನಲ್ಲಿ ಸೂಫಿ ಶೇಖ್ ಸಫಿಯುದ್ದೀನರ ದರ್ಗಾ ಇದೆ. ಆ ದರ್ಗಾದಿಂದ ಬಂದದ್ದು ಒಂದಲ್ಲ, ಎರಡು ಜಮಖಾನ, ಒಂದೇ ವಿನ್ಯಾಸದ ಜೋಡಿ. ನೇಯ್ಗೆಯಲ್ಲೇ ಮಖ್ಸೂದ್ ಕಾಶಾನಿಯ ಹೆಸರಿದೆ, ಹಿಜರಿ 946 ಎಂಬ ವರ್ಷವಿದೆ. ಅಂದರೆ 1539-40, ಶಾಹ್ ತಹಮಾಸ್ಪನ ಕಾಲ. ಹತ್ತು ಸೆಂಟಿಮೀಟರ್ ಚೌಕದೊಳಗೆ ಸುಮಾರು 5300 ಗಂಟು! ಮೂರೂವರೆ ಶತಮಾನ ಕಳೆಯುವಷ್ಟರಲ್ಲಿ ಎರಡೂ ಸವೆದಿದ್ದವು. ಮಾರಾಟವಾಗಿ ವ್ಯಾಪಾರಿಗಳ ಕೈ ಸೇರಿದ ಮೇಲೆ ಒಂದನ್ನು ಕತ್ತರಿಸಿ ಇನ್ನೊಂದಕ್ಕೆ ತೇಪೆ ಹಾಕಲಾಯಿತು. ಹಾಗೆ 'ಪೂರ್ಣ'ವಾದದ್ದನ್ನು ಕವಿಯೂ ವಿನ್ಯಾಸಕಾರನೂ ಆದ ವಿಲಿಯಂ ಮಾರಿಸ್ ಪರಿಶೀಲಿಸಿ ಶಿಫಾರಸು ಮಾಡಿದ. 1893ರಲ್ಲಿ ಇದೇ ವಸ್ತುಸಂಗ್ರಹಾಲಯ 2000 ಪೌಂಡಿಗೆ ಕೊಂಡಿತು. ಜೋಡಿಯ ಸಂಗತಿ ಆಗ ಬಹಿರಂಗವಾಗಿರಲಿಲ್ಲ. ಅಂಚು ಕಳೆದುಕೊಂಡು ಕಿರಿದಾದ ಆ ಇನ್ನೊಂದು ಅಮೆರಿಕದ ಶ್ರೀಮಂತರ ಕೈದಾಟಿ, 1953ರಲ್ಲಿ ಜೆ. ಪಾಲ್ ಗೆಟ್ಟಿಯ ದಾನವಾಗಿ ಲಾಸ್ ಏಂಜಲೀಸಿನ ವಸ್ತುಸಂಗ್ರಹಾಲಯ ಸೇರಿತು.

ವಿನ್ಯಾಸದಲ್ಲಿ ಎರಡು ತೂಗುದೀಪಗಳಿವೆ, ಒಂದು ಚಿಕ್ಕದು, ಒಂದು ದೊಡ್ಡದು. ಚಿಕ್ಕ ದೀಪದ ಕಡೆ ಕುಳಿತವರಿಗೆ ಎರಡೂ ಸಮನಾಗಿ ಕಾಣಲೆಂದು ಹೀಗೆ ಮಾಡಿದರೆಂದು ಕೆಲವರು ಹೇಳುತ್ತಾರೆ. ಪರಿಪೂರ್ಣತೆ ಅಲ್ಲಾಹನಿಗೆ ಮಾತ್ರ ಸಲ್ಲುವುದರಿಂದ ನೇಯ್ದವರು ಬೇಕೆಂದೇ ಕುಂದು ಉಳಿಸಿದರೆಂದು ಇನ್ನು ಕೆಲವರು. ಎರಡನೆಯದನ್ನು ನಂಬುವ ಪ್ರವಾಸಿ ಅದನ್ನು ಮೆಚ್ಚಿ ತಲೆದೂಗುತ್ತಾನೆ. ಅವನು ನಿಂತಿರುವುದು ಕುಂದಿಲ್ಲದಂತೆ ಕಾಣಿಸಲೆಂದೇ ತನ್ನ ಜೋಡಿಯನ್ನು ಬಲಿ ಪಡೆದ ಜಮಖಾನದ ಮುಂದೆ!

ಮಾರಾಟವಾಗದಿದ್ದರೆ ಎರಡೂ ದರ್ಗಾದಲ್ಲೇ ಮಣ್ಣುಪಾಲಾಗುತ್ತಿದ್ದವು ಎಂಬ ವಾದವಿದೆ. ಇರಬಹುದು, ಸವೆಯುವುದು ಹಾಸುವ ಬಟ್ಟೆಯ ಹಣೆಬರಹ. ಆದರೆ ಪಾದಗಳು ಸವೆಸುವುದಕ್ಕೂ ಕತ್ತರಿ ಆಡಿಸುವುದಕ್ಕೂ ವ್ಯತ್ಯಾಸವಿದೆ. ಒಂದು ಬಳಕೆಯ ಗುರುತು, ಇನ್ನೊಂದು ಬೆಲೆಯ ಗುರುತು. ಇಂದಿನ ಸಂರಕ್ಷಕರು ಆ ತೇಪೆಗಳನ್ನು ಬಿಚ್ಚಬೇಕೆಂದು ನಾನು ಹೇಳುತ್ತಿಲ್ಲ. ಬಿಚ್ಚಿದರೆ ಎರಡೂ ಹಾಳು; ತೇಪೆಯೂ ಈಗ ಅದರ ಚರಿತ್ರೆಯೇ. ಕೇಳಬೇಕಾದದ್ದು ಇಷ್ಟೇ: ಯಾವ ಭಾಗ ಜೋಡಿಯಿಂದ ಬಂತೆಂದು ತೋರಿಸುವ ನಕ್ಷೆಯೊಂದು, ದೀಪ ಮಂದವಾಗಿರುವ ಆ ಇಪ್ಪತ್ತು ನಿಮಿಷ, ಕಾಯುತ್ತ ನಿಂತವರ ಕಣ್ಣಿಗೆ ಬೀಳುವಂತಿರಲಿ.