ಸಾಂಕ್ರಾಮಿಕ ಶಾಸನವೂ ಗೃಹಮರ್ಯಾದೆಯೂ : ಒಂದು ವಿಮರ್ಶೆ

1897ನೆಯ ಇಸವಿಯ ಸಾಂಕ್ರಾಮಿಕ ರೋಗಗಳ ಅಧಿನಿಯಮವು ಮೂಲದಲ್ಲಿ ನಾಲ್ಕೇ ಪ್ರಕರಣಗಳ ಕಿರುಗ್ರಂಥ. ಮುಂಬಯಿ ಪ್ರಾಂತದಲ್ಲಿ ಪ್ಲೇಗು ಹಬ್ಬಿದಾಗ ತ್ವರೆಯಿಂದ ರಚಿತವಾದದ್ದು. ಶಾಸ್ತ್ರಗ್ರಂಥವನ್ನು ಪದಶಃ ಪರೀಕ್ಷಿಸುವಂತೆ ಇದನ್ನೂ ಪರೀಕ್ಷಿಸಿದರೆ ಎರಡು ಕೊರತೆಗಳು ತೋರುತ್ತವೆ. ಎರಡನೆಯ ಪ್ರಕರಣವು ಸರಕಾರಕ್ಕೆ ತಾತ್ಕಾಲಿಕ ನಿಯಮಗಳನ್ನು ವಿಧಿಸುವ ಅಧಿಕಾರವನ್ನು ಕೊಡುತ್ತದೆ. ಆ ತಾತ್ಕಾಲಿಕತೆಗೆ ಅವಧಿಯನ್ನು ಹೇಳುವುದಿಲ್ಲ. ನಾಲ್ಕನೆಯದು ಸದ್ಭಾವದಿಂದ ನಡೆದ ಅಧಿಕಾರಿಗೆ ರಕ್ಷಣೆಯನ್ನೀಯುತ್ತದೆ. ರೋಗಿಯ ರಕ್ಷಣೆಯ ವಿಷಯದಲ್ಲಿ ಮೌನವಾಗಿದೆ. ಅದೇ ವರ್ಷ ಪುಣೆಯಲ್ಲಿ ಸೈನಿಕರು ಮನೆಗಳನ್ನು ಹೊಕ್ಕು ಶೋಧಿಸಿದುದೂ, ಜೂನ್ 22ರಂದು ಪ್ಲೇಗು ಅಧಿಕಾರಿ ರ್‍ಯಾಂಡನು ಗುಂಡೇಟಿಗೆ ಗುರಿಯಾದುದೂ ವಾಚಕರಿಗೆ ವಿದಿತವೇ.

ಇಲ್ಲಿ ಪೂರ್ವಪಕ್ಷವು ದುರ್ಬಲವಲ್ಲ. 2020ನೆಯ ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ವೃದ್ಧರೊಬ್ಬರು ತೀರಿಕೊಂಡರು. ಕೋವಿಡ್ ರೋಗದಿಂದ ಭಾರತದಲ್ಲಿ ಸಂಭವಿಸಿದ ಮೊದಲ ಮರಣವೆಂದು ಅದು ದಾಖಲಾಯಿತು. ಆಳಂದ, ಅಫಜಲಪುರಗಳು ಮಹಾರಾಷ್ಟ್ರದ ಗಡಿಗೆ ತಾಗಿದ ತಾಲೂಕುಗಳು. ಇವುಗಳಿಂದಲೂ ಜೇವರ್ಗಿಯಿಂದಲೂ ಮುಂಬಯಿ, ಪುಣೆಗಳಿಗೆ ದುಡಿಯಹೋದವರು ಊರಿಗೆ ಮರಳುವಾಗ, ಅವರನ್ನು ಕೆಲವು ದಿನ ಪ್ರತ್ಯೇಕವಾಗಿರಿಸುವುದು ಯುಕ್ತವೇ ಆಗಿತ್ತು.

ಆದರೆ ಪ್ರತ್ಯೇಕಿಸುವುದು ಬೇರೆ, ಬಯಲಿಗೆಳೆಯುವುದು ಬೇರೆ. ಆ ಮಾರ್ಚಿನಲ್ಲಿ, ಮನೆಯಲ್ಲಿ ಪ್ರತ್ಯೇಕವಾಗಿದ್ದವರ ವಿಳಾಸಗಳನ್ನು ರಾಜ್ಯ ಸರಕಾರವು ಪ್ರಕಟಿಸಿತು. 30ನೆಯ ತಾರೀಖು, ಅಂತಹವರು ಹಗಲೆಲ್ಲ ಗಂಟೆಗೊಮ್ಮೆ ತಮ್ಮ ಭಾವಚಿತ್ರವನ್ನು ಮೊಬೈಲಿನಿಂದ ಕಳುಹಬೇಕೆಂದು ಆಜ್ಞೆಯಾಯಿತು. ಒಂದೇ ಅಂಕಣದ ಮನೆಯಲ್ಲಿ ಒಬ್ಬನ ಚಿತ್ರವೆಂದರೆ ಇಡೀ ಸಂಸಾರದ ಚಿತ್ರ. ಹೆಸರು ಬಯಲಾದೀತೆಂದು ಅಂಜಿದವನು ಜ್ವರವನ್ನೇ ಮರೆಮಾಡುತ್ತಾನೆ. ಆಗ ನಿಯಮವು ತನ್ನ ಪ್ರಯೋಜನವನ್ನು ತಾನೇ ಕೆಡಿಸಿದಂತಾಗುತ್ತದೆ.

ಸಿದ್ಧಾಂತಕ್ಕೆ ಆಧಾರವು ದೂರದಲ್ಲಿಲ್ಲ. ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, 2017ನೆಯ ಆಗಸ್ಟ್ 24ರಂದು, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರು ಖಾಸಗಿತನವು ಮೂಲಭೂತ ಹಕ್ಕೆಂದು ಏಕಕಂಠದಿಂದ ನಿರ್ಣಯಿಸಿದರು. ವ್ಯಕ್ತಿಯ ಗುರುತನ್ನು ಮರೆಯಾಗಿಟ್ಟರೆ ಲೋಕಾರೋಗ್ಯಕ್ಕಾಗಿ ರೋಗವಿವರಗಳನ್ನು ಸರಕಾರವು ಬಳಸಬಹುದೆಂಬ ಮಾತೂ ಆ ತೀರ್ಪಿನಲ್ಲಿದೆ. ಆದುದರಿಂದ ಆರೋಗ್ಯಕ್ಕೂ ಗೃಹಮರ್ಯಾದೆಗೂ ಸಹಜವಿರೋಧವಿದೆಯೆಂಬುದು ಸಾಧುವಲ್ಲ.

2020ರಲ್ಲಿ ಕರ್ನಾಟಕವು ತನ್ನದೇ ಅಧಿನಿಯಮವನ್ನು ರಚಿಸಿ ಸರಕಾರದ ಅಧಿಕಾರಗಳನ್ನು ಎಣಿಸಿ ಹೇಳಿತು. ಹಳೆಯದರ ಅಸ್ಪಷ್ಟತೆಗಿಂತ ಇದು ಮೇಲು. ಅಧಿಕಾರವನ್ನು ಎಣಿಸಿದಂತೆ ಅದರ ಎಲ್ಲೆಯನ್ನೂ ಎಣಿಸಬೇಕು: ಪ್ರತಿಯೊಂದು ನಿರ್ಬಂಧಕ್ಕೂ ಕೊನೆಯ ದಿನವಿರಲಿ, ರೋಗಿಯ ಹೆಸರು ವೈದ್ಯನನ್ನೂ ಹೊಣೆಹೊತ್ತ ಅಧಿಕಾರಿಯನ್ನೂ ಮೀರದಿರಲಿ, ರೋಗವು ಶಮನವಾದ ಮೇಲೆ ಸಂಗ್ರಹಿಸಿದ ಚಿತ್ರಗಳು ಅಳಿಯಲಿ. ಅಪವಾದವು ತನ್ನ ವಿಷಯದಲ್ಲಿ ಮಾತ್ರ ಬಲಿಷ್ಠ. ಉಳಿದೆಡೆ ಉತ್ಸರ್ಗವೇ ಪ್ರಮಾಣ. ಸ್ವಾತಂತ್ರ್ಯವೇ ಇಲ್ಲಿ ಉತ್ಸರ್ಗ.